ಬಲೆ ಹೊದ್ದ ದೀಪ – ಹಂಫ್ರಿ ಡೇವಿ

ಮಕ್ಕಳೇ, ಬಿಸಿಯೂಟದ ಅಡುಗೆಕೋಣೆಯ ಗೋಡೆಯಲ್ಲಿ ಕೆಂಪು ಬಣ್ಣದ ಸಿಲಿಂಡರೊಂದು ತೂಗುತ್ತಿರುವುದನ್ನು ನೋಡಿದ್ದೀರಾ? ಅದು ಬೆಂಕಿ ನಂದಿಸುವ ಸಾಧನ. ಕೆಲಸದ ಜಾಗದಲ್ಲಿ ಬೆಂಕಿಯ ಬಗ್ಗೆ ಮೊದಲೇ ಎಚ್ಚರ ವಹಿಸಬೇಕೆಂಬ ತಿಳಿವಳಿಕೆ ಇಂದು ನಮಗಿದೆ. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದವರಿಗೆ ಮಾತ್ರ ಕೈಯಲ್ಲಿ ಹಿಡಿದ ದೀಪವೇ ಸಾವು ತರುತ್ತಿತ್ತು. ಆ ದೀಪವನ್ನು ಕಾವಲುಗಾರನನ್ನಾಗಿ ಮಾಡಿದ ವಿಜ್ಞಾನಿ ಹಂಫ್ರಿ ಡೇವಿ.

ಬಾಲ್ಯ ಮತ್ತು ಕಲಿಕೆ

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಪೆನ್ಜಾನ್ಸ್ ಎಂಬ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು. ಐದು ಮಕ್ಕಳಲ್ಲಿ ಇವನೇ ಹಿರಿಯ. 1794ರಲ್ಲಿ ತಂದೆ ತೀರಿಕೊಂಡಾಗ ಮನೆಗೆ ಉಳಿದದ್ದು ಸಾಲ. ಮರುವರ್ಷ ಡೇವಿ ಒಬ್ಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದ. ಅಲ್ಲಿ ಔಷಧಿ ಅರೆಯುತ್ತ, ಬೆರೆಸುತ್ತ ರಸಾಯನ ವಿಜ್ಞಾನದ ರುಚಿ ಹತ್ತಿತು. ಪುಸ್ತಕ ಓದಿ, ತಾನೇ ಪ್ರಯೋಗ ಮಾಡಿ ಕಲಿತ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ!

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ. ಅವನ ಉಪನ್ಯಾಸಗಳಿಗೆ ಜನ ಕಿಕ್ಕಿರಿದು ಬರುತ್ತಿದ್ದರು. ವಿದ್ಯುತ್ ಹರಿಸಿ ವಸ್ತುಗಳನ್ನು ಒಡೆಯುವ ವಿಧಾನದಿಂದ 1807ರಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಬೇರ್ಪಡಿಸಿದ. ಮರುವರ್ಷ ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಮೆಗ್ನೀಸಿಯಂಗಳ ಸರದಿ.

ಆದರೆ ಡೇವಿಗೆ ತನ್ನ ಮೈಮೇಲೆ ಎಚ್ಚರ ಕಡಿಮೆ. ಹೊಸ ಅನಿಲಗಳನ್ನು ತಾನೇ ಮೂಸಿ ನೋಡುತ್ತಿದ್ದ. ಒಮ್ಮೆ ಪ್ರಾಣವೇ ಹೋಗುವುದರಲ್ಲಿತ್ತು. 1812ರಲ್ಲಿ ಒಂದು ರಾಸಾಯನಿಕ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಆಗ ಅವನಿಗೆ ಬರೆದುಕೊಡಲು ನೆರವಾದ ಯುವಕ ಮೈಕೆಲ್ ಫ್ಯಾರಡೆ. ಮುಂದೆ ಫ್ಯಾರಡೆ ಗುರುವಿನಷ್ಟೇ ದೊಡ್ಡ ವಿಜ್ಞಾನಿಯಾದ.

ಗಣಿಯಲ್ಲಿ ಸಿಡಿದ ಗಾಳಿ

ಅದೇ 1812ರ ಮೇ 25ರಂದು ಇಂಗ್ಲೆಂಡಿನ ಉತ್ತರ ಭಾಗದ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಭಾರಿ ಸ್ಫೋಟವಾಯಿತು. ಸತ್ತವರು 92 ಮಂದಿ. ಅವರಲ್ಲಿ ನಿಮ್ಮ ವಯಸ್ಸಿನ ಹುಡುಗರೂ ಇದ್ದರು! ಆ ಕಾಲದಲ್ಲಿ ಗಣಿಯೊಳಗೆ ಗಾಳಿ ಸರಿಯಾದ ದಾರಿಯಲ್ಲಿ ಹರಿಯುವಂತೆ ಬಾಗಿಲು ತೆಗೆದು ಮುಚ್ಚುವುದು ಮಕ್ಕಳ ಕೆಲಸವಾಗಿತ್ತು.

ಸ್ಫೋಟ ಏಕಾಗುತ್ತಿತ್ತು? ಕಲ್ಲಿದ್ದಲಿನ ಪದರಗಳಿಂದ ಮೀಥೇನ್ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದು ಸುಮಾರು ನೂರಕ್ಕೆ 5ರಿಂದ 15 ಭಾಗ ಬೆರೆತಾಗ ಒಂದು ಕಿಡಿ ಸಾಕು, ಸಿಡಿಯುತ್ತದೆ. ಕತ್ತಲ ಗಣಿಯಲ್ಲಿ ದೀಪವಿಲ್ಲದೆ ಕೆಲಸವಿಲ್ಲ. ದೀಪವಿದ್ದರೆ ಜೀವಕ್ಕೆ ಭರವಸೆಯಿಲ್ಲ.

ಅಪಘಾತ ತಡೆಯಲೆಂದು ರಚನೆಯಾಗಿದ್ದ ಸಮಿತಿಯೊಂದು 1815ರಲ್ಲಿ ಡೇವಿಯ ನೆರವು ಕೇಳಿತು. ಡೇವಿ ಗಣಿಗಳಿಗೆ ಭೇಟಿಕೊಟ್ಟ. ಗಣಿಯ ಅನಿಲವನ್ನು ತರಿಸಿಕೊಂಡು ಲಂಡನ್ನಿನಲ್ಲಿ ಪರೀಕ್ಷಿಸಿದ. ಸಣ್ಣ ಲೋಹದ ಕೊಳವೆಗಳ ಮೂಲಕ ಜ್ವಾಲೆ ದಾಟುವುದಿಲ್ಲ ಎಂಬುದು ಅವನಿಗೆ ಕಂಡುಬಂತು.

ಬಲೆಯ ಗುಟ್ಟು

ಬೆಂಕಿ ಉರಿಯಲು ಮೂರು ಬೇಕು – ಉರಿಯುವ ವಸ್ತು, ಆಮ್ಲಜನಕ, ಸಾಕಷ್ಟು ಶಾಖ. ಒಂದನ್ನು ಕಳೆದರೂ ಬೆಂಕಿ ಆರುತ್ತದೆ. ಗಣಿಯಲ್ಲಿ ಮೀಥೇನನ್ನು ಪೂರ್ತಿ ತೆಗೆಯಲಾಗದು. ಗಾಳಿಯಂತೂ ಕಾರ್ಮಿಕರಿಗೇ ಬೇಕು. ಉಳಿದದ್ದು ಶಾಖ. ಡೇವಿ ಹಿಡಿದದ್ದು ಇದನ್ನೇ.

ದೀಪದ ಜ್ವಾಲೆಯ ಸುತ್ತ ಆತ ತೆಳುವಾದ ತಂತಿಬಲೆಯನ್ನು ಹೊದಿಸಿದ. ಒಂದು ಅಂಗುಲ ಉದ್ದಕ್ಕೆ 28 ಕಂಡಿಗಳಿದ್ದಷ್ಟು ನವುರಾದ ಬಲೆ. ಗಾಳಿಯೂ ಅನಿಲವೂ ಒಳಗೆ ಬರುತ್ತವೆ, ಒಳಗೇ ಉರಿಯುತ್ತವೆ. ಆದರೆ ಲೋಹವು ಶಾಖವನ್ನು ಬೇಗನೆ ಹೀರಿ ಹರಡಿಬಿಡುತ್ತದೆ. ಆದ್ದರಿಂದ ಹೊರಗಿನ ಅನಿಲ ಹೊತ್ತಿಕೊಳ್ಳುವಷ್ಟು ಬಿಸಿಯಾಗುವುದಿಲ್ಲ. ಬಲೆ ಬೆಳಕನ್ನು ಬಿಡುತ್ತದೆ, ಬೆಂಕಿಯನ್ನು ಬಿಡುವುದಿಲ್ಲ!

1816ರ ಜನವರಿಯಲ್ಲಿ ಹೆಬ್ಬರ್ನ್ ಗಣಿಯಲ್ಲಿ ಈ ದೀಪದ ಪರೀಕ್ಷೆ ನಡೆದು ಯಶಸ್ವಿಯಾಯಿತು. ದೀಪದಿಂದ ಇನ್ನೊಂದು ಉಪಕಾರವೂ ಆಯಿತು. ಮೀಥೇನ್ ಹೆಚ್ಚಾದರೆ ಜ್ವಾಲೆಯ ಮೇಲೆ ನೀಲಿ ಟೋಪಿ ಕಾಣುತ್ತಿತ್ತು. ಆಮ್ಲಜನಕ ಕಡಿಮೆಯಾದರೆ ದೀಪ ಮಂಕಾಗಿ ಆರುತ್ತಿತ್ತು. ಕಾರ್ಮಿಕರು ಅಪಾಯ ತಿಳಿದು ಹೊರಬರಬಹುದಿತ್ತು.

ಡೇವಿ ಈ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಅದೇ ಸಮಯದಲ್ಲಿ ಜಾರ್ಜ್ ಸ್ಟೀಫನ್‌ಸನ್ ಕೂಡ ಸ್ವಂತವಾಗಿ ಒಂದು ಸುರಕ್ಷಾ ದೀಪ ತಯಾರಿಸಿದ್ದ. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. ಡೇವಿ 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ಆಗ ವಯಸ್ಸು ಕೇವಲ 50.

ದೀಪವೊಂದೇ ಸಾಕೇ?

ದೀಪ ಬಂದ ಮೇಲೂ ಸ್ಫೋಟಗಳು ನಿಲ್ಲಲಿಲ್ಲ. ಬಲೆ ತುಕ್ಕು ಹಿಡಿದರೆ, ಹರಿದರೆ, ಜೋರು ಗಾಳಿಗೆ ಕೆಂಪಗೆ ಕಾದರೆ ಜ್ವಾಲೆ ಹೊರಗೆ ದಾಟುತ್ತಿತ್ತು. ಬೆಳಕು ಸಾಲದೆಂದು ಕೆಲವರು ಬಲೆಯನ್ನೇ ತೆಗೆಯುತ್ತಿದ್ದರು. ಹೇಗೂ ದೀಪವಿದೆಯಲ್ಲ ಎಂದು ಮಾಲೀಕರು ಮೊದಲು ಕೈಬಿಟ್ಟಿದ್ದ ಅಪಾಯದ ಜಾಗಗಳಿಗೂ ಕೆಲಸಗಾರರನ್ನು ಇಳಿಸಿದರು. ಸಾಧನ ಎಷ್ಟೇ ಚೆನ್ನಾಗಿರಲಿ, ಅದನ್ನು ಸುಸ್ಥಿತಿಯಲ್ಲಿಟ್ಟು ಸರಿಯಾಗಿ ಬಳಸಿದರೆ ಮಾತ್ರ ಅದು ನಮ್ಮನ್ನು ಕಾಯುತ್ತದೆ. ನಿಮ್ಮ ಶಾಲೆಯ ಕೆಂಪು ಸಿಲಿಂಡರಿಗೂ ಈ ಮಾತು ಸಲ್ಲುತ್ತದೆ. ಅದರ ಮೇಲೆ ಬರೆದಿರುವ ದಿನಾಂಕ ಮುಗಿದಿದೆಯೇ? ಶಿಕ್ಷಕರೊಂದಿಗೆ ಹೋಗಿ ನೋಡಿ.

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ ಮಾತ್ರ)

ಮೇಣದ ಬತ್ತಿ ಹಚ್ಚಿ. ಉದ್ದ ಹಿಡಿಯ, ನವುರಾದ ಸ್ಟೀಲ್ ಚಹಾ ಸೋಸುಕವನ್ನು ಜ್ವಾಲೆಯ ನಡುಭಾಗಕ್ಕೆ ಇಳಿಸಿ. ಜ್ವಾಲೆ ಬಲೆಯ ಕೆಳಗೇ ನಿಲ್ಲುತ್ತದೆ, ಮೇಲೆ ಹೊಗೆ ಮಾತ್ರ ಬರುತ್ತದೆ. ಬಲೆ ಕೆಂಪಗಾಗುವ ಮೊದಲೇ ತೆಗೆಯಿರಿ. ಬಿಸಿ ಬಲೆಯನ್ನು ಮುಟ್ಟಬೇಡಿ.

ನೆನಪಿಡಿ

• ಬೆಂಕಿ ಕಂಡರೆ ಮೊದಲು ಕೂಗಿ ದೊಡ್ಡವರಿಗೆ ತಿಳಿಸಿ, ಹೊರಗೆ ಬನ್ನಿ. ಅಗ್ನಿಶಾಮಕ ದಳಕ್ಕೆ 101 ಅಥವಾ 112ಕ್ಕೆ ಫೋನ್ ಮಾಡಿಸಿ.
• ಸಿಲಿಂಡರನ್ನು ದೊಡ್ಡವರು ಬಳಸಲಿ. ಪಿನ್ ಎಳೆದು, ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಆ ಕಡೆ ಈ ಕಡೆ ಆಡಿಸಬೇಕು.
• ಉರಿಯುವ ಎಣ್ಣೆಗೆ, ವಿದ್ಯುತ್ತಿನ ಬೆಂಕಿಗೆ ನೀರು ಹಾಕಲೇಬಾರದು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು.
• ಬಟ್ಟೆಗೆ ಬೆಂಕಿ ತಾಗಿದರೆ ಓಡಬೇಡಿ. ಅಲ್ಲೇ ನೆಲದ ಮೇಲೆ ಮಲಗಿ ಉರುಳಿ.