ಕನ್ನಂಬಾಡಿಯ ಆಚೆಗೆ ವಿಶ್ವೇಶ್ವರಯ್ಯ: ಎಂಟನೇ ತರಗತಿಗೆ ಎರಡು ಸಲ ಹೇಳಿದ ಒಂದು ಬದುಕು

ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆದದ್ದು ಸೆಪ್ಟೆಂಬರ್ ತಿಂಗಳಲ್ಲಿ. ನನ್ನ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಸಮಾಜ ವಿಜ್ಞಾನದ ಮೇಷ್ಟ್ರು ತರಬೇತಿಗೆ ಹೋಗಿದ್ದರಿಂದ ಅವರ ಎಂಟನೇ ತರಗತಿಯ ಪಿರಿಯಡ್‌ಗಳು ನನ್ನ ಪಾಲಿಗೆ ಬಂದವು. ಎಂಜಿನಿಯರುಗಳ ದಿನ ಹತ್ತಿರವಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಕಥನ ಪದ್ಧತಿಯಲ್ಲಿ ಹೇಳುತ್ತೇನೆಂದು ಪಾಠ ಯೋಜನೆ ಬರೆದು ಮಾರ್ಗದರ್ಶಕರ ಸಹಿ ಹಾಕಿಸಿಕೊಂಡೆ.

ಮೊದಲ ಪಾಠ ಸಪ್ಪೆಯಾಯಿತು. ಹುಟ್ಟೂರು, ಬೀದಿ ದೀಪ, ಅಣೆಕಟ್ಟು, ಭಾರತ ರತ್ನ, ಇಷ್ಟೂ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಕೊನೆಯಲ್ಲಿ ಪ್ರಶ್ನೆ ಕೇಳಿ ಎಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಕನ್ನಂಬಾಡಿ ನೀರು ಮಂಡ್ಯದವರಿಗೆ ಹೋಯಿತು, ನಮ್ಮಣ್ಣ ಐಟಿಐ ಮುಗಿಸಿ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ನಮ್ಮಂಥ ಊರಿಗೆ ಇವರು ಏನು ಮಾಡಿದರು ಮಿಸ್ ಎಂದು ಕೇಳಿದ. ಉಡಾಫೆಯಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ತುಮಕೂರಿನ ಹಾಸ್ಟೆಲಿನಲ್ಲಿ ಕೂತು ಓದಿ, ಮತ್ತೆ ಕಟ್ಟಿದ ಪಾಠ ಇದು.

ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದ ಊರು. ನಮ್ಮ ಕಡೆಯಂತೆಯೇ ಕೆರೆ ನಂಬಿ ರಾಗಿ ಬೆಳೆಯುವ ಸೀಮೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಟ್ಟಿದ್ದು ಸೆಪ್ಟೆಂಬರ್ 15ರಂದು. ವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಕೊಡುತ್ತವೆ. ಪಾಠ ಮಾಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ನನ್ನನ್ನು ಒಬ್ಬಳು ಹುಡುಗಿ ಪಠ್ಯಪುಸ್ತಕ ಎತ್ತಿ ಹಿಡಿದು ನಿಲ್ಲಿಸಿದಳು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆ ಮನೆಪಾಠ ಹೇಳುತ್ತಿದ್ದರು. ಅಂದರೆ ಎಂಜಿನಿಯರ್ ಆಗುವ ಮೊದಲು ಅವರು ಮೇಷ್ಟ್ರು. ಬೀದಿ ದೀಪದ ಕಥೆಯನ್ನು ಎರಡನೇ ಸಲ ಬಿಟ್ಟು ಈ ಮನೆಪಾಠದ ಸಂಗತಿ ಹೇಳಿದೆ. ದೀಪದ ಕೆಳಗೆ ಓದುವವರನ್ನು ಮಕ್ಕಳು ಕಂಡಿಲ್ಲ, ಟ್ಯೂಷನ್ ಹೇಳಿ ಓದುವ ಅಕ್ಕಂದಿರನ್ನು ಕಂಡಿದ್ದಾರೆ.

1881ರಲ್ಲಿ ಬಿಎ, ಆಮೇಲೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್, 1884ರಿಂದ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ. ನಾಸಿಕ್, ಸಕ್ಕರ್, ಸೂರತ್, ಪುಣೆ ಎಂದು ಸುಮಾರು ಕಾಲು ಶತಮಾನ ನೀರಿನ ಕೆಲಸ. ಇದರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಹಾಕಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮಾತ್ರ ವಿವರಿಸಿ ಮುಂದೆ ಹೋದೆ. ನೀರು ಒಂದು ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ.

ಆ ಹುಡುಗನ ಪ್ರಶ್ನೆಗೆ ಉತ್ತರ ಶುರುವಾಗುವುದು 1898ರಲ್ಲಿ, ಜಪಾನಿನಲ್ಲಿ. ಸರ್ಕಾರಿ ನೌಕರಿಯಲ್ಲಿದ್ದಾಗಲೇ ಅವರು ಅಲ್ಲಿಗೆ ಪ್ರವಾಸ ಹೋದರು. ಅಣೆಕಟ್ಟಿನ ಎಂಜಿನಿಯರ್ ಅಲ್ಲಿ ಗಮನವಿಟ್ಟು ನೋಡಿದ್ದು ಶಾಲೆಗಳನ್ನು, ಕಸುಬು ಕಲಿಸುವ ಸಂಸ್ಥೆಗಳನ್ನು, ಮನೆಮನೆಯ ಸಣ್ಣ ಕೈಗಾರಿಕೆಗಳನ್ನು. ಹಳ್ಳಿಯ ಬಡತನವೆಂದರೆ ಮಳೆ ಕಡಿಮೆ ಎಂಬ ಲೆಕ್ಕವಷ್ಟೇ ಅಲ್ಲ, ಕೈಗೆ ಕಸುಬು ಕಡಿಮೆ ಎಂಬ ಲೆಕ್ಕವೂ ಹೌದು ಎಂಬ ವಿಚಾರ ಅವರ ಮುಂದಿನ ಎಲ್ಲ ಕೆಲಸದಲ್ಲೂ ಕಾಣುತ್ತದೆ.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತೆಂದು ಎಲ್ಲರೂ ಹೇಳುತ್ತೇವೆ. ಅದೇ ವರ್ಷ ಇನ್ನೊಂದು ಶುರುವಾಯಿತು, ಮೈಸೂರು ಆರ್ಥಿಕ ಸಮ್ಮೇಳನ. ಕಲ್ಲು ಗಾರೆಯ ಕಟ್ಟಡವಲ್ಲವಾದ್ದರಿಂದ ನಮ್ಮ ಪಾಠಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಅಧಿಕಾರಿಗಳನ್ನೂ ರೈತರು, ವರ್ತಕರು, ವಿದ್ಯಾವಂತರನ್ನೂ ಒಂದೇ ಕಡೆ ಕೂರಿಸಿ, ನಾಡಿನ ಉತ್ಪತ್ತಿ ಎಷ್ಟು, ಅದನ್ನು ಹೆಚ್ಚಿಸುವುದು ಹೇಗೆ ಎಂದು ಚರ್ಚಿಸುವ ಏರ್ಪಾಡು ಅದು. ವ್ಯವಸಾಯಕ್ಕೆ ಒಂದು ಸಮಿತಿ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು, ಶಿಕ್ಷಣಕ್ಕೆ ಒಂದು. ಮುಂದೆ ಜಿಲ್ಲೆ ಮತ್ತು ತಾಲ್ಲೂಕುಗಳಲ್ಲೂ ಸಮಿತಿಗಳಾದವು. ಆರ್ಥಿಕ ಸಮ್ಮೇಳನದ ಮೂರು ಕಾಲುಗಳಲ್ಲಿ ಒಂದು ಶಿಕ್ಷಣ ಎಂಬುದನ್ನು ಕಪ್ಪು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದೆ. ಇವತ್ತು ಉದ್ಯೋಗ ಯೋಜನೆ ಒಂದು ಇಲಾಖೆಯದು, ಶಾಲೆ ಇನ್ನೊಂದು ಇಲಾಖೆಯದು. ಆಗ ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದರು.

1912ರಲ್ಲಿ ದಿವಾನರಾದರು. ಆಮೇಲಿನ ಆರು ವರ್ಷಗಳನ್ನು ಮಕ್ಕಳಿಗೆ ಹೇಳುವಾಗ ಸಂಸ್ಥೆಗಳ ಪಟ್ಟಿ ಒಪ್ಪಿಸುವ ಅಪಾಯವಿದೆ, ನಾನೂ ಮೊದಲ ದಿನ ಅದನ್ನೇ ಮಾಡಿದ್ದೆ. ಎರಡನೇ ಸಲ ಒಬ್ಬ ರೈತನ ಮಗನನ್ನು ಊಹಿಸಿಕೊಳ್ಳಿ ಎಂದೆ. ಅವನಿಗೆ ಓದು ಬೇಕು, 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂತು, ಎಲ್ಲ ಊರಿಗೂ ಒಂದೇ ಸಲ ಅಲ್ಲದಿದ್ದರೂ. ಬೇಸಾಯ ಕಲಿಯಬೇಕು, ಹೆಬ್ಬಾಳದಲ್ಲಿ ಕೃಷಿ ಶಾಲೆ. ಕಸುಬಿಗೆ ಸಾಲ ಬೇಕು, 1913ರಲ್ಲೇ ಮೈಸೂರು ಬ್ಯಾಂಕ್. ಇನ್ನೂ ಓದುತ್ತೇನೆಂದರೆ 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಕೆಲಸ ಬೇಕು, ಗಂಧದೆಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆ, ಭದ್ರಾವತಿಯ ಕಬ್ಬಿಣ. ಕಾಡಿನ ಗಂಧದ ಮರ ಕೊರಡಾಗಿಯೇ ಹೊರದೇಶಕ್ಕೆ ಹೋಗುತ್ತಿದ್ದದ್ದು ಯುದ್ಧದಿಂದ ನಿಂತಾಗ, ಎಣ್ಣೆಯನ್ನು ಇಲ್ಲೇ ತೆಗೆಯಬೇಕೆಂದು ಹೊರಟದ್ದು ಮಕ್ಕಳಿಗೆ ಬಹಳ ಹಿಡಿಸಿತು. ಹಳ್ಳಿಗಳಿಗೆ ಗ್ರಾಮಾಭಿವೃದ್ಧಿ ಯೋಜನೆಯೂ ಇತ್ತು. ವಾರಕ್ಕೆ ಅರ್ಧ ದಿನ ಊರವರು ಊರ ಕೆಲಸಕ್ಕೆ ಕೈ ಹಾಕಬೇಕೆಂಬುದು ಅದರ ಒಂದು ಅಂಶ. ಬಿಟ್ಟಿ ಕೆಲಸವಾ ಮಿಸ್ ಎಂದು ಕೇಳಿದರು. ಆ ಅನುಮಾನ ಸುಳ್ಳಲ್ಲ. ವಾರದ ಕೂಲಿ ನಂಬಿದವನಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಊಟ ಎಂದು ನಾವು ಮಾತಾಡಿಕೊಂಡೆವು.

ಇಲ್ಲಿ ನನ್ನ ಗಣಿತ ನನ್ನನ್ನು ಬಿಡಲಿಲ್ಲ. ಅವರ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ, ಮಕ್ಕಳು ಸುಮಾರು 1,40,000ದಿಂದ 3,66,000ಕ್ಕೆ ಏರಿದರೆಂಬ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಒಂದು ಶಾಲೆಗೆ ಸರಾಸರಿ ಎಷ್ಟು ಮಕ್ಕಳು ಎಂದು ಕೇಳಿದೆ. ಮೊದಲು 31, ಕೊನೆಗೆ ಸುಮಾರು 35. ಶಾಲೆ ಹೆಚ್ಚಿದ್ದಕ್ಕಿಂತ ಮಕ್ಕಳು ಹೆಚ್ಚಿದ್ದು ಜಾಸ್ತಿ ಎಂದು ಅವರೇ ಕಂಡುಕೊಂಡರು. ಆ ಮಕ್ಕಳೆಲ್ಲ ಯಾರು, ಎಲ್ಲ ಜಾತಿಯವರಾ ಎಂಬ ಪ್ರಶ್ನೆಯೂ ಅಲ್ಲಿಂದಲೇ ಬಂತು.

ಇದನ್ನು ತಪ್ಪಿಸಿಕೊಂಡು ಹೋಗಬಾರದೆಂದು ನಿರ್ಧರಿಸಿದ್ದೆ. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯದವರಿಗೆ ಪಾಲು ಸಿಗುವಂತೆ ಮಾಡುವುದು ಹೇಗೆಂಬುದು ಅದರ ಮುಂದಿದ್ದ ವಿಷಯ. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಓದು ಹರಡಿದರೆ ಎಲ್ಲರೂ ಅರ್ಹತೆಯಿಂದಲೇ ಮೇಲೆ ಬರುತ್ತಾರೆ, ಮೀಸಲಿನಿಂದ ಆಡಳಿತ ಸಡಿಲವಾಗುತ್ತದೆ ಎಂಬುದು ಅವರ ನಿಲುವು. ದಿವಾನಗಿರಿ ಬಿಟ್ಟರು, ಕಾಂತರಾಜ ಅರಸರು ಆ ಸ್ಥಾನಕ್ಕೆ ಬಂದರು. ನನ್ನ ಮನೆಯಲ್ಲಿ ಪದವಿ ಮುಗಿಸಿದವರಲ್ಲಿ ನಾನೇ ಮೊದಲು, ನನ್ನ ಬಿಇಡಿ ಸೀಟು ಮೀಸಲಾತಿಯಲ್ಲಿ ಬಂದದ್ದು. ಶಾಲೆ ತೆರೆದ ಮಾತ್ರಕ್ಕೆ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುವುದಿಲ್ಲ ಎಂಬುದನ್ನು ಅವರು ಸರಿಯಾಗಿ ಎಣಿಸಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ನಮ್ಮ ಅಜ್ಜನ ಊರಿನಂಥ ಊರುಗಳಿಗೆ ಶಾಲೆ ಬರಲು ಅವರ ಆರು ವರ್ಷಗಳೂ ಕಾರಣ. ಎರಡನ್ನೂ ಮಕ್ಕಳಿಗೆ ಹೇಳಿದೆ. ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಷರಾ ಪುಸ್ತಕದಲ್ಲಿ ಇದು ಎಂಟನೇ ತರಗತಿಗೆ ತುಸು ಭಾರ ಎಂದು ಬರೆದರು. ಇರಬಹುದು. ಆದರೆ ಪ್ರಶ್ನೆ ಮಕ್ಕಳದು.

ಅಧಿಕಾರ ಬಿಟ್ಟ ಮೇಲೆ ಅವರು ಇನ್ನೂ ನಾಲ್ಕು ದಶಕ ಬದುಕಿದ್ದರು. ನನಗೆ ಹೆಚ್ಚು ಹತ್ತಿರವಾದದ್ದು ಈ ಭಾಗ. 1923ರಿಂದ ಭದ್ರಾವತಿ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನಷ್ಟದಿಂದ ಎತ್ತಿದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಬೇಕೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, ಈಗ ಎಲ್ಲರೂ ಎಸ್‌ಜೆಪಿ ಎನ್ನುವುದು ಅದೇ. ನಮ್ಮ ಜಿಲ್ಲೆಯಿಂದ ಅಲ್ಲಿ ಡಿಪ್ಲೊಮಾ ಓದಿದವರು ಎಷ್ಟೋ ಮಂದಿ. 1934ರಲ್ಲಿ ಭಾರತಕ್ಕೆ ಹತ್ತು ವರ್ಷಗಳ ಆರ್ಥಿಕ ಯೋಜನೆಯೊಂದನ್ನು ಪುಸ್ತಕವಾಗಿ ಬರೆದರು, ಪಂಚವಾರ್ಷಿಕ ಯೋಜನೆ ಬರುವುದಕ್ಕೆ ಬಹಳ ಮೊದಲು. ಭೂಮಿಯ ಮೇಲೆ ಬಿದ್ದಿರುವ ಜನರ ಭಾರ ಇಳಿಯಬೇಕು, ಅವರಿಗೆ ಕೈಗಾರಿಕೆಯಲ್ಲಿ ಕೆಲಸ ಸಿಗಬೇಕು ಎಂಬುದು ಅದರ ತಿರುಳು.

ಎಂಬತ್ತು ದಾಟಿದ ಮೇಲೆ ಹಿಡಿದದ್ದು ಗ್ರಾಮ ಕೈಗಾರಿಕೀಕರಣ. ಹತ್ತಿರದ ಹಳ್ಳಿಗಳನ್ನು ಗುಂಪು ಮಾಡುವುದು, ಪ್ರತಿ ಗುಂಪಿಗೆ ಊರವರದೇ ಸಮಿತಿ, ಆ ಗುಂಪಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ವರಮಾನ ಎಷ್ಟು ಎಂದು ವರ್ಷ ವರ್ಷ ಲೆಕ್ಕ ಇಡುವುದು, ಅಲ್ಲಿನ ಕಚ್ಚಾ ವಸ್ತುವಿಗೆ ಅಲ್ಲೇ ಕೈಗಾರಿಕೆ ಹುಡುಕುವುದು. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. ಕನ್ನಂಬಾಡಿಯಂತೆ ಕಣ್ಣಿಗೆ ಕಾಣುವ ಗುರುತು ಇದರಿಂದ ಉಳಿಯಲಿಲ್ಲ. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಸಮಾಧಿ.

ಉಳಿದ ಹದಿನೈದು ನಿಮಿಷದಲ್ಲಿ ನಾವೂ ಅದೇ ಲೆಕ್ಕ ಇಟ್ಟೆವು. ನಿಮ್ಮೂರಿನಿಂದ ಹೊರಗೆ ಹೋಗುವುದು ಏನು, ಒಳಗೆ ಬರುವುದು ಏನು ಎಂದು ಎರಡು ಕಂಬ ಎಳೆದೆ. ಹೋಗುವ ಕಡೆ ತೆಂಗಿನಕಾಯಿ, ತಿಪಟೂರು ಮಾರುಕಟ್ಟೆಗೆ ಕೊಬ್ಬರಿ, ಅಡಿಕೆ, ಹುಣಸೆಹಣ್ಣು, ಹಾಲು, ರಾಗಿ. ಬರುವ ಕಡೆ ಕೊಬ್ಬರಿ ಎಣ್ಣೆ ಸೀಸೆ, ಪ್ಲಾಸ್ಟಿಕ್ ಹಗ್ಗ, ಕಾಲೊರಸು, ಪ್ಯಾಕೆಟ್ ಹುಣಸೆ ಪೇಸ್ಟ್. ಕೊಬ್ಬರಿ ನಮ್ಮದು, ಎಣ್ಣೆ ಅಂಗಡಿಯದು ಎಂದು ಒಬ್ಬಳು ನಕ್ಕಳು. ಚಿಪ್ಪನ್ನು ಲಾರಿಯವರು ಬಂದು ತುಂಬಿಕೊಂಡು ಹೋಗುತ್ತಾರೆ, ಅದರಿಂದ ಏನು ಮಾಡುತ್ತಾರೋ ಗೊತ್ತಿಲ್ಲ ಎಂದ ಇನ್ನೊಬ್ಬನಿಗೆ ಇದ್ದಿಲು ಮಾಡುವ ವಿಷಯ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗ, ಹೋಗುವ ಕಂಬದಲ್ಲಿ ನಮ್ಮಣ್ಣನನ್ನೂ ಬರೆಯಿರಿ ಎಂದ. ಬರೆದೆ. ಆಮೇಲೆ ಮೂವರು ಅಣ್ಣಂದಿರು, ಒಬ್ಬ ಅಕ್ಕ ಸೇರಿದರು.

ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಮಾತು ಬಂದೇ ಬಂತು. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಘಟಕ ಗುಬ್ಬಿ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಸೇರಲು ಏನು ಓದಬೇಕು ಮಿಸ್ ಎಂದು ಕೇಳಿದವರಿಗೆ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಎಂದು ಹೇಳಿದೆ. ಯಾವ ಐಟಿಐಯಲ್ಲಿ ಯಾವ ಟ್ರೇಡ್, ಎಷ್ಟು ಸೀಟು ಎಂದು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅದನ್ನು ವಿಚಾರಿಸಿ ಮುಂದಿನ ವಾರ ಹಲಗೆಯ ಪಕ್ಕ ಅಂಟಿಸಿದೆ.

ಕುಣಿಗಲ್ ಕಡೆ ಬೋಧನಾಭ್ಯಾಸಕ್ಕೆ ಹೋಗುವ ಗೆಳೆಯರಿಗೆ ಒಂದು ಮಾತು. ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾವೇ ನೀರು ಹೊರಹಾಕುವ ಸೈಫನ್‌ಗಳಿವೆ. ಖಡಕ್‌ವಾಸ್ಲಾ ಬಾಗಿಲುಗಳನ್ನು ಹೇಳುವಾಗ ಅದರ ಜತೆ ಹೋಲಿಸಿ ಹೇಳಬಹುದು. ಒಂದು ಬಕೆಟ್ ನೀರು, ಒಂದು ಮೀಟರ್ ಪ್ಲಾಸ್ಟಿಕ್ ಕೊಳವೆ ಸಾಕು. ಕೊಳವೆಯೊಳಗೆ ಗಾಳಿ ಉಳಿಯದಂತೆ ನೋಡಿಕೊಳ್ಳಿ, ನನ್ನದು ಮೊದಲ ಸಲ ಅದಕ್ಕೇ ಕೈಕೊಟ್ಟಿತು.