ಜಪಾನಿಗೆ ಪಾಶ್ಚಾತ್ಯ ಸಂಗೀತ ತಂದ ನೊಬು ಕೋಡ

1889ರಲ್ಲಿ 19 ವರ್ಷದ ಯುವತಿಯೊಬ್ಬಳು ಜಪಾನಿನಿಂದ ಅಮೆರಿಕದ ಹಡಗು ಹತ್ತಿದಳು. ಸಂಗೀತ ಕಲಿಯಲೆಂದೇ ಜಪಾನ್ ಸರ್ಕಾರ ತನ್ನ ಖರ್ಚಿನಲ್ಲಿ ಹೊರದೇಶಕ್ಕೆ ಕಳುಹಿಸಿದ ಮೊದಲ ವಿದ್ಯಾರ್ಥಿ ಆಕೆ. ಹೆಸರು ನೊಬು ಕೋಡ. ವಯೊಲಿನ್ ವಾದಕಿ, ಪಿಯಾನೊ ಶಿಕ್ಷಕಿ, ಸಂಗೀತ ಸಂಯೋಜಕಿ. ದೇಶಕ್ಕೆ ಹೊಸದೊಂದು ಕಲೆಯನ್ನು ತಂದುಕೊಟ್ಟ ಈಕೆಯನ್ನು ಅದೇ ದೇಶದ ಪತ್ರಿಕೆಗಳು ಹುದ್ದೆ ಬಿಡುವಂತೆ ಮಾಡಿದ್ದು ಇತಿಹಾಸದ ವ್ಯಂಗ್ಯ.

ನೊಬು ಜನಿಸಿದ್ದು 1870ರಲ್ಲಿ, ಟೋಕಿಯೊದಲ್ಲಿ. ಶೋಗನರ ಸೇವೆಯಲ್ಲಿದ್ದ ಮನೆತನ 1868ರ ಮೇಜಿ ಕ್ರಾಂತಿಯ ನಂತರ ಆಸರೆ ಕಳೆದುಕೊಂಡಿತ್ತು. ಆದರೂ ಆ ಮನೆಯ ಮಕ್ಕಳು ಒಬ್ಬರಿಗಿಂತ ಒಬ್ಬರು ಹೆಸರು ಮಾಡಿದರು. ಅಣ್ಣ ರೋಹಾನ್ ಆಧುನಿಕ ಜಪಾನಿನ ಶ್ರೇಷ್ಠ ಕಾದಂಬರಿಕಾರರಲ್ಲಿ ಒಬ್ಬರಾದರೆ, ತಂಗಿ ಆಂದೋ ಕೋ ಪ್ರಸಿದ್ಧ ವಯೊಲಿನ್ ವಾದಕಿಯಾದರು.

ಶಾಲೆಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿಸಲು ಸರ್ಕಾರ 1880ರಲ್ಲಿ ಬಾಸ್ಟನ್‌ನಿಂದ ಲೂಥರ್ ವೈಟಿಂಗ್ ಮೇಸನ್ ಎಂಬ ಶಿಕ್ಷಕರನ್ನು ಕರೆಸಿಕೊಂಡಿತು. ಬಾಲಕಿ ನೊಬುವಿನ ಪ್ರತಿಭೆಯನ್ನು ಗುರುತಿಸಿದವರು ಅವರೇ. 1885ರಲ್ಲಿ ಸರ್ಕಾರಿ ಸಂಗೀತ ಸಂಸ್ಥೆಯಿಂದ ತೇರ್ಗಡೆಯಾದ ಮೊದಲ ತಂಡದಲ್ಲಿ ಆಕೆಯೂ ಇದ್ದರು.

ವಿಯೆನ್ನಾದ ಐದು ವರ್ಷ

ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಒಂದು ವರ್ಷ ಕಲಿತ ಬಳಿಕ ನೊಬು ವಿಯೆನ್ನಾ ತಲುಪಿದರು. ಅಲ್ಲಿನ ಸಂಗೀತ ಶಾಲೆಯಲ್ಲಿ ಜೋಸೆಫ್ ಹೆಲ್ಮ್ಸ್‌ಬರ್ಗರ್ ಕಿರಿಯರ ಬಳಿ ವಯೊಲಿನ್, ರಾಬರ್ಟ್ ಫುಕ್ಸ್ ಬಳಿ ಸಂಯೋಜನೆ ಅಭ್ಯಾಸ ಮಾಡಿದರು. ಮಾಹ್ಲರ್, ಸಿಬೆಲಿಯಸ್ ಮೊದಲಾದ ದಿಗ್ಗಜರಿಗೂ ಪಾಠ ಹೇಳಿದ್ದ ಗುರು ಫುಕ್ಸ್. 1895ರಲ್ಲಿ ನೊಬು ವಯೊಲಿನ್ ಮತ್ತು ಪಿಯಾನೊಗಾಗಿ ರಚಿಸಿದ ಸೊನಾಟಾ, ಜಪಾನೀಯರೊಬ್ಬರು ಪಾಶ್ಚಾತ್ಯ ಶೈಲಿಯಲ್ಲಿ ಬರೆದ ಮೊದಲ ಸೊನಾಟಾ ಎಂದು ಪರಿಗಣಿತವಾಗಿದೆ. 1897ರಲ್ಲಿ ಇನ್ನೊಂದು ಸೊನಾಟಾಕ್ಕೂ ಕೈಹಾಕಿದರು.

1895ರ ಕೊನೆಯಲ್ಲಿ ತಾಯ್ನಾಡಿಗೆ ಮರಳಿದ ನೊಬು, ಟೋಕಿಯೊದ ಸಂಗೀತ ಶಾಲೆಯಲ್ಲಿ ಅಧ್ಯಾಪಕಿಯಾದರು. ಸಂಯೋಜನೆಗಿಂತ ಬೋಧನೆಯೇ ಅವರ ಬದುಕನ್ನು ಆವರಿಸಿತು. ಅವರ ಗರಡಿಯಲ್ಲಿ ಪಳಗಿದವರ ಪಟ್ಟಿ ದೊಡ್ಡದು. ಹಾಡುಗಳಿಂದ ಮನೆಮಾತಾಗಿ 23ನೇ ವಯಸ್ಸಿಗೇ ಕ್ಷಯಕ್ಕೆ ಬಲಿಯಾದ ತಾಕಿ ರೆಂತಾರೊ, 'ಮದಾಮ ಬಟರ್‌ಫ್ಲೈ' ಒಪೆರಾದ ಪಾತ್ರದಿಂದ ಯೂರೋಪ್, ಅಮೆರಿಕಗಳಲ್ಲಿ ಖ್ಯಾತಿ ಗಳಿಸಿದ ಗಾಯಕಿ ಮಿಉರಾ ತಮಾಕಿ ಅವರಲ್ಲಿ ಪ್ರಮುಖರು.

ಪತ್ರಿಕೆಗಳ ಕೆಂಗಣ್ಣು

ಆದರೆ ಈ ಏಳಿಗೆ ಹಲವರ ಕಣ್ಣು ಕುಕ್ಕಿತು. ಹೆಣ್ಣುಮಕ್ಕಳು ಒಳ್ಳೆಯ ಗೃಹಿಣಿ, ವಿವೇಕಿ ತಾಯಿ ಆಗಬೇಕೆಂದು ಬೋಧಿಸುತ್ತಿದ್ದ ಕಾಲವದು. ಅವಿವಾಹಿತೆಯೊಬ್ಬಳು ಪ್ರಾಧ್ಯಾಪಕಿಯಾಗಿ ದೊಡ್ಡ ಸಂಬಳ ಪಡೆಯುವುದು, ಸಂಸ್ಥೆಯಲ್ಲಿ ತನ್ನ ಮಾತು ನಡೆಸುವುದು ಸಮಾಜಕ್ಕೆ ಸಹ್ಯವಾಗಲಿಲ್ಲ. ಪತ್ರಿಕೆಗಳು ಆಕೆಯ ಅಧಿಕಾರವನ್ನೂ ಖಾಸಗಿ ಬದುಕನ್ನೂ ಗುರಿಯಾಗಿಸಿ ಟೀಕಾಪ್ರಹಾರ ನಡೆಸಿದವು. 1909ರಲ್ಲಿ ನೊಬು ಶಾಲೆಯನ್ನು ತೊರೆದು ಯೂರೋಪಿಗೆ ತೆರಳಿದರು. ಆಗ ಅವರ ವಯಸ್ಸು 39.

ಮರಳಿ ಬಂದ ಮೇಲೆ ಅವರು ಸರ್ಕಾರಿ ಹುದ್ದೆಯ ಹಂಗು ಬಿಟ್ಟು ಮನೆಯಲ್ಲೇ ಪಿಯಾನೊ ಪಾಠ ಆರಂಭಿಸಿದರು. ರಾಜಮನೆತನದ ಮಹಿಳೆಯರೂ ಅವರ ಶಿಷ್ಯರಾದರು. 1915ರಲ್ಲಿ ತೈಶೋ ಚಕ್ರವರ್ತಿಯ ಪಟ್ಟಾಭಿಷೇಕದ ಸಂಭ್ರಮಕ್ಕಾಗಿ ವೃಂದಗಾನದ ಕೃತಿಯೊಂದನ್ನು ರಚಿಸಿದರು. 1937ರಲ್ಲಿ ಇಂಪೀರಿಯಲ್ ಕಲಾ ಅಕಾಡೆಮಿಯ ಸದಸ್ಯತ್ವ ಅವರಿಗೆ ಒಲಿಯಿತು. ಶಾಲೆ ಬಿಟ್ಟ 28 ವರ್ಷಗಳ ನಂತರ ಬಂದ ಮನ್ನಣೆಯದು.

ಯುದ್ಧದಲ್ಲಿ ಸೋತು ಜರ್ಝರಿತವಾಗಿದ್ದ ಜಪಾನಿನಲ್ಲಿ, 1946ರ ಜೂನ್‌ನಲ್ಲಿ ನೊಬು ಕೋಡ ತಮ್ಮ 76ನೇ ವಯಸ್ಸಿನಲ್ಲಿ ನಿಧನರಾದರು. ಅವರ ಸೊನಾಟಾಗಳು ದೀರ್ಘಕಾಲ ಮರೆವಿನಲ್ಲಿದ್ದು, 21ನೇ ಶತಮಾನದಲ್ಲಿ ಮತ್ತೆ ವೇದಿಕೆಯೇರಿವೆ. ತಂಗಿ ಆಂದೋ ಕೋ ಅವರ ಶಿಷ್ಯ ಶಿನಿಚಿ ಸುಜುಕಿ ರೂಪಿಸಿದ ವಯೊಲಿನ್ ಬೋಧನಾ ಕ್ರಮ ಇಂದು ಹಲವು ದೇಶಗಳ ಮಕ್ಕಳನ್ನು ತಲುಪಿದೆ. ಆ ತಂಗಿಗೆ ಮೊದಲು ದಾರಿ ತೋರಿದವರು ಇದೇ ಅಕ್ಕ. ಆಕೆಯನ್ನು ಹುದ್ದೆಯಿಂದ ಇಳಿಸಿದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಆಕೆ ಕಲಿಸಿದ ಸಂಗೀತ ಉಳಿದಿದೆ.