ಅಲಿಸ್ಟರ್ ಮೆಕೆಂಜಿ

ಅಲಿಸ್ಟರ್ ಮೆಕೆಂಜಿ (30 ಆಗಸ್ಟ್ 1870 – 6 ಜನವರಿ 1934) ಗಾಲ್ಫ್ ಮೈದಾನಗಳ ವಿನ್ಯಾಸಕಾರರಲ್ಲಿ ಅಗ್ರಗಣ್ಯರು. ಇಂಗ್ಲೆಂಡಿನಲ್ಲಿ ಜನಿಸಿ ವೈದ್ಯರಾಗಿದ್ದ ಇವರು ಆ ವೃತ್ತಿಯನ್ನು ಬಿಟ್ಟು, ಯುರೋಪ್, ಆಸ್ಟ್ರೇಲಿಯ, ಉತ್ತರ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮೈದಾನಗಳನ್ನು ರೂಪಿಸಿದರು. ಅಮೆರಿಕದ ಆಗಸ್ಟಾ ನ್ಯಾಷನಲ್ ಮತ್ತು ಸೈಪ್ರೆಸ್ ಪಾಯಿಂಟ್, ಆಸ್ಟ್ರೇಲಿಯದ ರಾಯಲ್ ಮೆಲ್ಬರ್ನ್ ಕ್ಲಬ್ಬಿನ ಪಶ್ಚಿಮ ಮೈದಾನ ಇವರ ಪ್ರಸಿದ್ಧ ರಚನೆಗಳು. ಒಂದು ಮೈದಾನದಲ್ಲಿ ಕಿರಿದಾದ, ಮಧ್ಯಮ ಮತ್ತು ದೀರ್ಘ ಹೋಲ್‌ಗಳು ಹೇಗೆ ಬೆರೆತಿರಬೇಕು, ಒಂದೇ ಹೋಲ್ ನುರಿತವನಿಗೂ ಹೊಸಬನಿಗೂ ಹೇಗೆ ಹಿತವಾಗಬೇಕು ಎಂಬ ಪ್ರಶ್ನೆಗಳನ್ನು ಕುರಿತು ಇವರು ನಡೆಸಿದ ಚಿಂತನೆ ಇಂದಿಗೂ ಮೈದಾನ ವಿನ್ಯಾಸದ ಅಡಿಪಾಯವಾಗಿ ಉಳಿದಿದೆ.

ಹಿನ್ನೆಲೆ: ಹೋಲ್ ಮತ್ತು ಅದರ ಉದ್ದ

ಗಾಲ್ಫ್ ಆಟದಲ್ಲಿ ಹೋಲ್ ಎಂದರೆ ಚೆಂಡು ಬೀಳುವ ಕುಳಿ ಮಾತ್ರವಲ್ಲ. ಮೊದಲ ಹೊಡೆತ ಹೊಡೆಯುವ ಟೀ ಎಂಬ ಜಾಗದಿಂದ ಕುಳಿಯಿರುವ ಗ್ರೀನ್ ಎಂಬ ನುಣುಪಾದ ಹುಲ್ಲುಹಾಸಿನವರೆಗಿನ ಇಡೀ ಹಾದಿಗೂ ಅದೇ ಹೆಸರು. ಪೂರ್ಣ ಮೈದಾನದಲ್ಲಿ ಇಂತಹ 18 ಹೋಲ್‌ಗಳಿರುತ್ತವೆ. ನುರಿತ ಆಟಗಾರ ಒಂದೇ ಹೊಡೆತದಲ್ಲಿ ಗ್ರೀನ್ ಮುಟ್ಟಬಹುದಾದುದು ಕಿರು ಹೋಲ್, ಎರಡು ಹೊಡೆತ ಬೇಕಾದುದು ಮಧ್ಯಮ ಹೋಲ್, ಮೂರು ಹೊಡೆತ ಬೇಕಾದುದು ದೀರ್ಘ ಹೋಲ್. ಗ್ರೀನ್ ಮೇಲಿನ ಎರಡು ಹೊಡೆತಗಳನ್ನು ಸೇರಿಸಿ ಇವುಗಳನ್ನು ಕ್ರಮವಾಗಿ ಪಾರ್ 3, ಪಾರ್ 4 ಮತ್ತು ಪಾರ್ 5 ಎನ್ನುತ್ತಾರೆ.

ಆಟಗಾರರ ಒಲವು ಇವುಗಳಲ್ಲಿ ಹಂಚಿಹೋಗಿರುವುದು ಸಹಜ. ದೂರಕ್ಕೆ ಹೊಡೆಯಬಲ್ಲವರು ದೀರ್ಘ ಹೋಲನ್ನು ಬಯಸುತ್ತಾರೆ, ಏಕೆಂದರೆ ಅಲ್ಲಿ ತೋಳ್ಬಲಕ್ಕೆ ಪ್ರತಿಫಲವಿದೆ. ಅಷ್ಟು ಶಕ್ತಿಯಿಲ್ಲದವರಿಗೆ ಕಿರು ಹೋಲ್ ಹೆಚ್ಚು ಪ್ರಿಯ. ಅಲ್ಲಿ ಒಂದೇ ಒಂದು ಒಳ್ಳೆಯ ಹೊಡೆತದಿಂದ ಬಲಶಾಲಿಯನ್ನು ಸರಿಗಟ್ಟಬಹುದು. ಮೆಕೆಂಜಿಯವರು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರಲಿಲ್ಲ.

ಆರಂಭಿಕ ಜೀವನ

ಮೆಕೆಂಜಿಯವರು ಯಾರ್ಕ್‌ಷೈರಿನ ನಾರ್ಮಂಟನ್‌ನಲ್ಲಿ ಜನಿಸಿದರು. ತಂದೆ ಸ್ಕಾಟ್ಲೆಂಡ್ ಮೂಲದ ವೈದ್ಯರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಮಗನೂ ವೈದ್ಯನಾಗಿ ಲೀಡ್ಸ್ ನಗರದಲ್ಲಿ ನೆಲೆಸಿದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೇನಾ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿದಾಗ ಅವರ ಗಮನ ಸೆಳೆದದ್ದು ಬೋಯರ್ ರೈತ ಸೈನಿಕರು ನೆಲದ ಏರುತಗ್ಗುಗಳಲ್ಲೇ ತಮ್ಮ ಕಂದಕಗಳನ್ನು ಮರೆಮಾಡುತ್ತಿದ್ದ ಬಗೆ. ಕೃತಕವಾದುದನ್ನು ಸಹಜವೆಂಬಂತೆ ತೋರಿಸುವ ಆ ಕಲೆಯನ್ನು ಅವರು ಮುಂದೆ ಎರಡು ಕಡೆ ಬಳಸಿದರು. ಮೊದಲನೆಯ ಮಹಾಯುದ್ಧದಲ್ಲಿ ಅದು ಸೈನಿಕರಿಗೆ ಮರೆಮಾಚುವಿಕೆಯ ತರಬೇತಿಯಾಯಿತು. ಗಾಲ್ಫ್ ಮೈದಾನದಲ್ಲಿ ಮರಳುಗುಂಡಿಗಳ, ಅಂದರೆ ಬಂಕರ್‌ಗಳ, ರಚನೆಯಾಯಿತು.

ಗಾಲ್ಫ್ ಆಟದಲ್ಲಿ ಅವರು ಬಹುಕಾಲ ಸಾಧಾರಣ ಆಟಗಾರರಾಗಿಯೇ ಇದ್ದರು. ಅವರ ವಿನ್ಯಾಸಗಳನ್ನು ಅರಿಯಬೇಕಾದರೆ ಈ ಸಂಗತಿಯನ್ನು ಮರೆಯಬಾರದು. ಆ ಕಾಲದ ಎಷ್ಟೋ ಮೈದಾನಗಳನ್ನು ರೂಪಿಸಿದವರು ದೊಡ್ಡ ಆಟಗಾರರು; ದುರ್ಬಲ ಹೊಡೆತಕ್ಕೆ ದಂಡನೆ ವಿಧಿಸುವುದೇ ಅವರಿಗೆ ನ್ಯಾಯವೆನಿಸುತ್ತಿತ್ತು. ಮೆಕೆಂಜಿಯವರಾದರೋ ಆ ದಂಡನೆಯನ್ನು ಸ್ವತಃ ಉಂಡವರು.

ಆಲ್ವುಡ್ಲಿ ಮತ್ತು ಮೂರ್‌ಟೌನ್

1907ರಲ್ಲಿ ಲೀಡ್ಸ್ ಸಮೀಪ ಆಲ್ವುಡ್ಲಿ ಗಾಲ್ಫ್ ಕ್ಲಬ್ ಸ್ಥಾಪನೆಯಾದಾಗ ಮೆಕೆಂಜಿಯವರು ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದರು. ಅಲೆಯಲೆಯಾದ ಗ್ರೀನ್‌ಗಳುಳ್ಳ ಅವರ ನಕ್ಷೆ ಜೊತೆಗಾರರಿಗೆ ವಿಚಿತ್ರವಾಗಿ ಕಂಡಿತು. ಸಲಹೆಗಾಗಿ ಬಂದ ಖ್ಯಾತ ವಿನ್ಯಾಸಕಾರ ಹ್ಯಾರಿ ಕೋಲ್ಟ್ ಅವರು ಅದನ್ನು ಮೆಚ್ಚಿಕೊಂಡದ್ದರಿಂದ ಯೋಜನೆ ಉಳಿಯಿತು. ನೆರೆಯ ಮೂರ್‌ಟೌನ್ ಕ್ಲಬ್ಬಿಗೆ ಅವರು ಮಾಡಿಕೊಟ್ಟ ಜಿಬ್ರಾಲ್ಟರ್ ಎಂಬ ಕಿರು ಹೋಲ್ ಬೇಗನೆ ಹೆಸರಾಯಿತು. ಮುಂದೆ 1929ರಲ್ಲಿ ಬ್ರಿಟನ್ನಿನ ನೆಲದ ಮೊದಲ ರೈಡರ್ ಕಪ್ ಪಂದ್ಯ ನಡೆದದ್ದು ಇದೇ ಮೂರ್‌ಟೌನ್‌ನಲ್ಲಿ.

1914ರ ಸ್ಪರ್ಧೆ

ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಲಿಡೊ ಎಂಬ ಮೈದಾನವನ್ನು ಕಟ್ಟುತ್ತಿದ್ದ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಅವರಿಗಾಗಿ ಕಂಟ್ರಿ ಲೈಫ್ ಪತ್ರಿಕೆಯು 1914ರಲ್ಲಿ ಎರಡು ಹೊಡೆತದ ಆದರ್ಶ ಹೋಲ್‌ಗಾಗಿ ಸ್ಪರ್ಧೆ ಏರ್ಪಡಿಸಿತು. ಬಹುಮಾನ ಗೆದ್ದದ್ದು ಮೆಕೆಂಜಿಯವರ ನಕ್ಷೆ. ಅದರಲ್ಲಿ ಟೀಯಿಂದ ಗ್ರೀನ್‌ಗೆ ಹಲವು ದಾರಿಗಳಿದ್ದವು. ಬಲವೂ ಧೈರ್ಯವೂ ಇದ್ದವನು ಅಡ್ಡಿಯನ್ನು ಹಾರಿಸಿ ನೇರವಾಗಿ ಹೋಗಬಹುದು. ಇಲ್ಲದವನು ಸುತ್ತು ಬಳಸಿ, ಒಂದು ಹೊಡೆತ ಕಳೆದುಕೊಂಡು, ಸುರಕ್ಷಿತವಾಗಿ ತಲುಪಬಹುದು. ಹೋಲ್‌ನ ಉದ್ದ ಎಲ್ಲರಿಗೂ ಒಂದೇ, ಆದರೆ ಅದನ್ನು ಹೇಗೆ ಕ್ರಮಿಸಬೇಕೆಂಬ ನಿರ್ಧಾರ ಆಟಗಾರನದು. ಈ ಬಹುಮಾನವೇ ಅವರನ್ನು ವೈದ್ಯವೃತ್ತಿಯಿಂದ ಬಿಡಿಸಿತು ಎಂದರೆ ತಪ್ಪಾಗದು. ಲಿಡೊ ಮೈದಾನ ಮಾತ್ರ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ನೌಕಾಪಡೆಯ ಪಾಲಾಯಿತು.

ವಿನ್ಯಾಸ ತತ್ತ್ವಗಳು

1920ರಲ್ಲಿ ಪ್ರಕಟವಾದ ಗಾಲ್ಫ್ ಆರ್ಕಿಟೆಕ್ಚರ್ ಎಂಬ ಚಿಕ್ಕ ಪುಸ್ತಕದಲ್ಲಿ ಅವರು 13 ತತ್ತ್ವಗಳನ್ನು ನಿರೂಪಿಸಿದರು. ಅವುಗಳಲ್ಲಿ ಎರಡನೆಯದು ಹೋಲ್‌ಗಳ ಉದ್ದಕ್ಕೆ ಸಂಬಂಧಿಸಿದ್ದು. ಮೈದಾನದ ಬಹುಪಾಲು ಎರಡು ಹೊಡೆತದ ಒಳ್ಳೆಯ ಹೋಲ್‌ಗಳಿರಬೇಕು. ಒಂದು ದೊಡ್ಡ ಹೊಡೆತ, ಆಮೇಲೊಂದು ಸಣ್ಣ ಎತ್ತರದ ಹೊಡೆತದಲ್ಲಿ ಮುಗಿಯುವಂಥವು ಎರಡೋ ಮೂರೋ ಇರಬೇಕು. ಒಂದೇ ಹೊಡೆತದ ಕಿರು ಹೋಲ್‌ಗಳು ಕನಿಷ್ಠ ನಾಲ್ಕಿರಬೇಕು. ಮೂರು ಹೊಡೆತದ ದೀರ್ಘ ಹೋಲ್‌ಗೆ ಈ ಸೂತ್ರದಲ್ಲಿ ಪ್ರತ್ಯೇಕ ಸ್ಥಾನವೇ ಇಲ್ಲದಿರುವುದು ಗಮನಾರ್ಹ. ಬರಿಯ ಉದ್ದವು ಅವರ ದೃಷ್ಟಿಯಲ್ಲಿ ಗುಣವಾಗಿರಲಿಲ್ಲ.

ಉಳಿದ ತತ್ತ್ವಗಳೂ ಇದಕ್ಕೆ ಪೂರಕವಾಗಿವೆ. ಪ್ರತಿಯೊಂದು ಹೋಲ್‌ನ ಸ್ವಭಾವ ಬೇರೆಯಾಗಿರಬೇಕು. ಸಾಹಸದ ಹೊಡೆತಕ್ಕೆ ಅವಕಾಶವಿರಬೇಕು, ಆದರೆ ದುರ್ಬಲನಿಗೆ ಬದಲಿ ದಾರಿ ತಪ್ಪಬಾರದು. ಕಳೆದ ಚೆಂಡನ್ನು ಹುಲ್ಲಿನಲ್ಲಿ ಹುಡುಕುವ ಕಿರಿಕಿರಿ ಇರಲೇಬಾರದು. ಎಷ್ಟೇ ಹೊಡೆತಗಳಾದರೂ ಹೊಸಬನು ಸಂತೋಷದಿಂದ ಮನೆಗೆ ಹೋಗುವಂತಿರಬೇಕು.

ಅವರು ಬಹುವಾಗಿ ಮೆಚ್ಚಿದ ಮೈದಾನ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್. 1924ರಲ್ಲಿ ಅವರು ಸಿದ್ಧಪಡಿಸಿದ ಅದರ ಸವಿವರ ನಕ್ಷೆ ಇಂದಿಗೂ ಪ್ರಸಿದ್ಧ. ಸ್ವಾರಸ್ಯವೆಂದರೆ ಈ ಮೈದಾನ ಅವರದೇ ಸೂತ್ರಕ್ಕೆ ಒಳಪಡುವುದಿಲ್ಲ: ಅಲ್ಲಿ ಕಿರು ಹೋಲ್‌ಗಳು ಎರಡೇ, ದೀರ್ಘ ಹೋಲ್‌ಗಳೂ ಎರಡೇ, ಉಳಿದ 14 ಮಧ್ಯಮ. ಆದರೂ ಅಲ್ಲಿನ 14ನೆಯ ದೀರ್ಘ ಹೋಲನ್ನು ಅವರು ಮಾದರಿಯಾಗಿ ಎತ್ತಿ ತೋರಿಸುತ್ತಿದ್ದರು. ಗಾಳಿ ಬೀಸುವ ದಿಕ್ಕು ಮತ್ತು ಆಟಗಾರನ ಸಾಮರ್ಥ್ಯಕ್ಕೆ ತಕ್ಕಂತೆ ಅದನ್ನು ಬೇರೆ ಬೇರೆ ದಾರಿಗಳಲ್ಲಿ ಆಡಬಹುದಾಗಿತ್ತು. ದೀರ್ಘ ಹೋಲ್ ಕುರಿತು ಅವರ ಆಕ್ಷೇಪ ಉದ್ದಕ್ಕಲ್ಲ, ಆಯ್ಕೆಯಿಲ್ಲದ ಉದ್ದಕ್ಕೆ ಎಂಬುದು ಇದರಿಂದ ಸ್ಪಷ್ಟ.

ಆಸ್ಟ್ರೇಲಿಯ

1926ರಲ್ಲಿ ರಾಯಲ್ ಮೆಲ್ಬರ್ನ್ ಕ್ಲಬ್ಬಿನ ಆಹ್ವಾನದ ಮೇಲೆ ಆಸ್ಟ್ರೇಲಿಯಕ್ಕೆ ತೆರಳಿದರು. ಅಲ್ಲಿ ಅವರು ರೂಪಿಸಿದ ಪಶ್ಚಿಮ ಮೈದಾನದ ಕೆಲಸವನ್ನು ಅಲೆಕ್ಸ್ ರಸೆಲ್ ಮತ್ತು ಮಿಕ್ ಮಾರ್ಕಮ್ ಅವರು ಪೂರ್ಣಗೊಳಿಸಿದರು. ಅಲ್ಲಿಯ 10ನೆಯದು ಪಾರ್ 4 ಹೋಲ್‌ಗಳಲ್ಲಿ ಗಿಡ್ಡದ್ದು. ಎಡಕ್ಕೆ ಬಾಗುವ ಅದರ ತಿರುವಿನಲ್ಲಿ ಗುಡ್ಡವನ್ನೇ ಕೊರೆದಂತಿರುವ ದೊಡ್ಡ ಬಂಕರ್ ಇದೆ. ಅದರ ಮೇಲಿಂದ ನೇರ ಗ್ರೀನ್‌ಗೆ ಹೊಡೆಯುವ ಆಸೆಯಿಂದ ಕೆಟ್ಟವರು ಬಹಳ. ಸಮೀಪದ ಕಿಂಗ್‌ಸ್ಟನ್ ಹೀತ್‌ನಲ್ಲಿ ಗುಡ್ಡದಾಚೆ ಗುರಿ ಕಾಣದಿದ್ದ ಮಧ್ಯಮ ಹೋಲೊಂದನ್ನು ಕಿರು ಹೋಲನ್ನಾಗಿ ಮಾರ್ಪಡಿಸಲು ಅವರು ಸೂಚಿಸಿದರು. ಇಂದು ಆ 15ನೆಯ ಹೋಲ್ ಮೈದಾನದ ಹೆಮ್ಮೆಯೆನಿಸಿದೆ.

ಕ್ಯಾಲಿಫೋರ್ನಿಯ

1928ರಲ್ಲಿ ಆರಂಭವಾದ ಸೈಪ್ರೆಸ್ ಪಾಯಿಂಟ್ ಮೈದಾನದಲ್ಲಿ ಮೆಕೆಂಜಿಯವರು ಸಂಪ್ರದಾಯವನ್ನು ಪೂರ್ಣವಾಗಿ ಬದಿಗಿಟ್ಟರು. ಕಿರು, ಮಧ್ಯಮ, ದೀರ್ಘ ಎಂದು ಅಚ್ಚುಕಟ್ಟಾಗಿ ಸರದಿ ಹಾಕುವ ಬದಲು ನೆಲ ತೋರಿದ ದಾರಿಯಲ್ಲಿ ನಡೆದರು. ಪರಿಣಾಮವಾಗಿ ಅಲ್ಲಿ 5 ಮತ್ತು 6ನೆಯ ಹೋಲ್‌ಗಳೆರಡೂ ದೀರ್ಘ; 8 ಮತ್ತು 9ನೆಯವು ಗಿಡ್ಡನೆಯ ಪಾರ್ 4; 15 ಮತ್ತು 16ನೆಯವು ಎರಡೂ ಕಿರು. ಈ ಕೊನೆಯ ಜೋಡಿ ಪೆಸಿಫಿಕ್ ಸಾಗರದ ಅಂಚಿನಲ್ಲಿದೆ. 15ನೆಯದು ಸುಮಾರು 140 ಗಜದ ನವಿರಾದ ಹೊಡೆತ ಕೇಳಿದರೆ, 16ನೆಯದಕ್ಕೆ ಸಮುದ್ರದ ಕೊರಕಲನ್ನು ದಾಟಿ ಸುಮಾರು 230 ಗಜ ಹೊಡೆಯಬೇಕು. ಎರಡಕ್ಕೂ ಹೆಸರು ಕಿರು ಹೋಲ್ ಎಂದೇ! ಅಷ್ಟು ದೂರ ಹಾರಿಸಲಾಗದವರಿಗೆ ಎಡಗಡೆ ನೆಲವಿದೆ. ಅಲ್ಲಿ ಚೆಂಡನ್ನು ಇಳಿಸಿ ಮುಂದಿನ ಹೊಡೆತಕ್ಕೆ ಗ್ರೀನ್ ತಲುಪಬಹುದು. ಈ ಕೊರಕಲನ್ನು ದಾಟುವುದು ಸಾಧ್ಯವೇ ಎಂಬ ಶಂಕೆ ಎದ್ದಾಗ, ಯೋಜನೆಯ ಮುಂದಾಳು ಹಾಗೂ 1921ರ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್ ಮೇರಿಯನ್ ಹಾಲಿನ್ಸ್ ತಾವೇ ಚೆಂಡನ್ನು ಆಚೆಗೆ ಹೊಡೆದು ತೋರಿಸಿದರೆಂಬ ಪ್ರತೀತಿಯಿದೆ.

ಹಾಲಿನ್ಸ್ ಅವರಿಗಾಗಿಯೇ ಸಾಂಟಾ ಕ್ರೂಜ್ ಬಳಿ ಪಸಾಟಿಯೆಂಪೊ ಮೈದಾನವನ್ನೂ ರಚಿಸಿದರು. ಅದರ 16ನೆಯದನ್ನು ತಾವು ಬಲ್ಲ ಎರಡು ಹೊಡೆತದ ಹೋಲ್‌ಗಳಲ್ಲೆಲ್ಲ ಶ್ರೇಷ್ಠವೆಂದು ಭಾವಿಸಿದ್ದರು. ಕೊನೆಯ ಹೋಲ್ ಕಿರಿದಾಗಿರುವುದು ಈ ಮೈದಾನದ ಇನ್ನೊಂದು ವೈಶಿಷ್ಟ್ಯ. ಇತರ ಮೈದಾನಗಳಲ್ಲಿ ಆ ಸ್ಥಾನ ಸಾಮಾನ್ಯವಾಗಿ ಉದ್ದನೆಯ ಹೋಲ್‌ಗೇ ಮೀಸಲು. ಮೆಕೆಂಜಿಯವರು 6ನೆಯ ಹೋಲ್‌ನ ಪಕ್ಕದಲ್ಲಿ ಪತ್ನಿ ಹಿಲ್ಡಾರೊಂದಿಗೆ ನೆಲೆಸಿದರು. ಅವರ ಸ್ವಂತ ಆಟ ಸುಧಾರಿಸಿದ್ದೂ ಅರವತ್ತರ ಆಸುಪಾಸಿನ ಈ ದಿನಗಳಲ್ಲೇ.

ಆಗಸ್ಟಾ ನ್ಯಾಷನಲ್

1929ರ ಅಮೆರಿಕನ್ ಅಮೆಚೂರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಪೆಬಲ್ ಬೀಚ್‌ನಲ್ಲಿ ಸೋತ ಬಾಬಿ ಜೋನ್ಸ್ ಅವರಿಗೆ ಅನಿರೀಕ್ಷಿತವಾಗಿ ಬಿಡುವು ದೊರೆಯಿತು. ಅವರು ಸೈಪ್ರೆಸ್ ಪಾಯಿಂಟ್‌ನಲ್ಲಿ ಆಡಿದರು. ಪಸಾಟಿಯೆಂಪೊದ ಆರಂಭೋತ್ಸವದಲ್ಲೂ ಪಾಲ್ಗೊಂಡರು. ನಿವೃತ್ತಿಯ ಬಳಿಕ ಜಾರ್ಜಿಯ ರಾಜ್ಯದ ಆಗಸ್ಟಾದಲ್ಲಿ ತಮ್ಮ ಕನಸಿನ ಮೈದಾನ ಕಟ್ಟಲು ಜೋನ್ಸ್ ಆರಿಸಿಕೊಂಡದ್ದು ಮೆಕೆಂಜಿಯವರನ್ನು.

ಅಲ್ಲಿ ನಾಲ್ಕು ಕಿರು, ಹತ್ತು ಮಧ್ಯಮ ಮತ್ತು ನಾಲ್ಕು ದೀರ್ಘ ಹೋಲ್‌ಗಳಿವೆ. ದೀರ್ಘ ಹೋಲ್‌ಗಳನ್ನು ಕಡೆಗಣಿಸಿದ್ದ ವಿನ್ಯಾಸಕಾರ ಅವುಗಳಿಗೆ ಹೊಸ ಅರ್ಥ ಕೊಟ್ಟದ್ದು ಇಲ್ಲಿ. ಎರಡು ಉತ್ಕೃಷ್ಟ ಹೊಡೆತಗಳಲ್ಲೇ ತಲುಪಬಹುದಾದಷ್ಟು ಅವು ಮೋಹಕ. ಎರಡನೆಯ ಹೊಡೆತ ತಪ್ಪಿದರೆ ದುಬಾರಿ. 13ನೆಯ ಹೋಲ್‌ನಲ್ಲಿ ಗ್ರೀನ್ ಮುಂದೆಯೇ ತೊರೆ ಹರಿಯುತ್ತದೆ; ಸಾಹಸವೋ ಸಂಯಮವೋ ಎಂದು ಆಟಗಾರ ಅಲ್ಲಿ ನಿಂತು ಯೋಚಿಸಲೇಬೇಕು. ಅದಕ್ಕೂ ಹಿಂದಿನ 12ನೆಯದು 155 ಗಜದ ಕಿರು ಹೋಲ್. ಸುಳಿಗಾಳಿಯಿಂದಾಗಿ ಅಲ್ಲಿ ಅನೇಕ ಪ್ರಖ್ಯಾತರು ಪಂದ್ಯ ಕಳೆದುಕೊಂಡಿದ್ದಾರೆ. ಬಂಕರ್‌ಗಳು ಮೊದಲಿಗೆ ಮೈದಾನಕ್ಕೆಲ್ಲ ಸೇರಿ ಕೇವಲ 22.

ಕೊನೆಯ ದಿನಗಳು

ಮಹಾ ಆರ್ಥಿಕ ಕುಸಿತದಲ್ಲಿ ಹೊಸ ಮೈದಾನಗಳ ಕೆಲಸ ನಿಂತುಹೋಯಿತು. ಆಗಸ್ಟಾ ಕ್ಲಬ್ಬೂ ಹಣವಿಲ್ಲದೆ ತತ್ತರಿಸುತ್ತಿತ್ತು. ಮೆಕೆಂಜಿಯವರ ಶುಲ್ಕವನ್ನು ಅರ್ಧಕ್ಕಿಳಿಸಲಾಯಿತು. ಆ ಅರ್ಧವೂ ಪೂರ್ತಿ ಕೈಸೇರಲಿಲ್ಲ. 1932ರ ನಂತರ ಅವರು ಆಗಸ್ಟಾಕ್ಕೆ ಹೋಗಲಾಗಲಿಲ್ಲ. ಹುಲ್ಲು ತುಂಬಿ ಸಿದ್ಧವಾದ ಮೈದಾನವನ್ನು ನೋಡದೆಯೇ 1934ರ ಜನವರಿ 6ರಂದು ಸಾಂಟಾ ಕ್ರೂಜ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಪಸಾಟಿಯೆಂಪೊದಲ್ಲಿ ಚೆಲ್ಲಲಾಯಿತು. ಇಂದು ಮಾಸ್ಟರ್ಸ್ ಎಂದು ಜಗತ್ಪ್ರಸಿದ್ಧವಾಗಿರುವ ಪಂದ್ಯಾವಳಿ ಆಗಸ್ಟಾದಲ್ಲಿ ಮೊದಲ ಬಾರಿಗೆ ನಡೆದದ್ದು ಅದೇ ವರ್ಷ ಮಾರ್ಚ್ ತಿಂಗಳಲ್ಲಿ.

ತರುವಾಯ

ಚೆಂಡು ಮತ್ತು ದಾಂಡುಗಳು ಸುಧಾರಿಸಿ ಆಟಗಾರರು ಹೆಚ್ಚು ದೂರ ಹೊಡೆಯತೊಡಗಿದಂತೆ ಆಗಸ್ಟಾವನ್ನು ಮತ್ತೆ ಮತ್ತೆ ಉದ್ದಗೊಳಿಸಲಾಗಿದೆ. ಈಗ ಅದರ ಒಟ್ಟು ಉದ್ದ 7,500 ಗಜಗಳನ್ನು ಮೀರಿದೆ. 16ನೆಯ ಕಿರು ಹೋಲ್ ಅನ್ನು 1947ರಲ್ಲಿ ಹೊಸದಾಗಿ ಕಟ್ಟಲಾಯಿತು. 13ನೆಯದರ ಟೀಯನ್ನು 2023ರಲ್ಲಿ 35 ಗಜ ಹಿಂದಕ್ಕೆ ಸರಿಸಿ ಅದನ್ನು 545 ಗಜಕ್ಕೆ ಏರಿಸಲಾಯಿತು. 12ನೆಯದು ಮಾತ್ರ 155 ಗಜದಲ್ಲೇ ಇದೆ.

ಮೆಕೆಂಜಿಯವರು ಕೊನೆಗಾಲದಲ್ಲಿ ಬರೆದ ದಿ ಸ್ಪಿರಿಟ್ ಆಫ್ ಸೇಂಟ್ ಆಂಡ್ರೂಸ್ ಎಂಬ ಗ್ರಂಥದ ಹಸ್ತಪ್ರತಿ ದಶಕಗಳ ಕಾಲ ಕಣ್ಮರೆಯಾಗಿತ್ತು. ಅದು ಮತ್ತೆ ದೊರೆತು 1995ರಲ್ಲಿ ಪ್ರಕಟವಾಯಿತು. 2005ರಲ್ಲಿ ಅವರ ಹೆಸರನ್ನು ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.